ಮೂರನೆಯ ಬಿನ್ನಹ

ಎರಡನೆಯ ಮಹಡಿಯಲ್ಲಿ ಶಿವಶರಣಪ್ಪನವರು ಇಳಿದು, ಲಿಫ್ಟಿನ ಬಾಗಿಲು ಮುಚ್ಚಿಕೊಂಡ ಮೇಲೆಯೇ ಕಲ್ಲೇಶನಿಗೆ ತಾನು ಆಡಿದ ಮಾತು ಕೇಳಿಸಿದ್ದು. ಆಡುವಾಗ ಅದು ಬರೀ ಒಂದು ಉತ್ತರವಾಗಿತ್ತು. ಆರನೆಯ ಮಹಡಿಯಲ್ಲಿ ಅವ್ವನ ಕೈ ಹಿಡಿದು ಒಳಗೆ ಬಂದಾಗ ಶಿವಶರಣಪ್ಪನವರು ಆಗಲೇ ಅಲ್ಲಿದ್ದರು. ಕಲಬುರ್ಗಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಸುತ್ತಲೂ ತೆಲುಗು ಆಡುವ ಮಿಯಾಪುರದ ಈ ನಾಲ್ಕು ನೂರು ಮನೆಗಳ ಕಟ್ಟಡದಲ್ಲಿ ಕಲ್ಲೇಶ ಮನೆಯ ಹೊರಗೆ ಕನ್ನಡ ಆಡುವುದು ಅವರೊಬ್ಬರ ಜೊತೆಗೇ.

"ಏನ್ರಿ ಕಲ್ಲೇಶಪ್ಪ, ನಿಮ್ಮ ಹೊಸ ಜಗದ್ಗುರುಗಳು ಬಂದ್ರಂತಲ್ರಿ. ಟಿವಿಯೊಳಗ ಬಿಳಿ ಹೊಗಿ ನೋಡಿದೆ."

"ಹೌದ್ರಿ. ಗುರುವಾರ ಪೋಪರ ಆಯ್ಕೆ ಆತು."

"ನಿಮ್ಮದು ಚಲೋ ಬಿಡ್ರಿ. ಜಗತ್ತಿಗೆಲ್ಲ ಒಂದ ಕುರ್ಚಿ. ನಮ್ಮಲ್ಲಿ ಐದು ಪೀಠ, ಯಾರ ಕಾಲು ಮೊದಲು ಮುಟ್ಟಬೇಕು ಅನ್ನೂದ ತಿಳಿಯೂದಿಲ್ಲ." ಅವರು ತಮ್ಮ ಹಾಸ್ಯಕ್ಕೆ ತಾವೇ ನಕ್ಕು, ಕನ್ನಡಿಯಲ್ಲಿ ಹಣೆಯ ವಿಭೂತಿ ನೋಡಿಕೊಂಡು, ಅದೇ ನಗೆಯಲ್ಲಿ ಕೇಳಿದ್ದರು. "ಆದ್ರ ಒಂದು ಹೇಳ್ರಿ. ಜಗದ್ಗುರು ಅಂದ್ಮ್ಯಾಲ ಪಾಕಿಸ್ತಾನಕ್ಕೂ ಅವರ ಗುರು ಏನ್ರಿ?"

"ಹೂನ್ರಿ. ಅಲ್ಲೂ ನಮ್ಮವರು ಅದಾರ."

"ಹಾಂ," ಎಂದು ಶಿವಶರಣಪ್ಪನವರು ಇಳಿದು ಹೋಗಿದ್ದರು.

ಆ 'ಹಾಂ' ಎಂಬುದರಲ್ಲಿ ಏನಿತ್ತು ಎಂದು ಕಲ್ಲೇಶ ಒಂದು ಮತ್ತು ಎರಡನೆಯ ಮಹಡಿಗಳ ನಡುವೆ ಹುಡುಕಿದ. ಅದರಲ್ಲಿ ಏನೂ ಇಲ್ಲದಿರಬಹುದು. ಅಲ್ಲಿ ಕ್ರೈಸ್ತರು ಅದಾರ ಎನ್ನಬಹುದಿತ್ತು. ಕೆಲವರು ಅದಾರ ಎಂದರೂ ಸಾಕಿತ್ತು. ನಮ್ಮವರು ಎಂಬುದು ಚರ್ಚಿನ ಅಂಗಳದ ಮಾತು. ಹೊಸಬ ಯಾರಾದರೂ ಬಂದರೆ, ಅವರು ನಮ್ಮವರೇನು ಎಂದು ಕೇಳುವ ಅಭ್ಯಾಸ. ಬೇರೆ ವಾರವಾಗಿದ್ದರೆ ಆ ಮಾತು ಲಿಫ್ಟಿನಲ್ಲಿಯೇ ಸತ್ತು ಹೋಗುತ್ತಿತ್ತು. ಆದರೆ ಇದು ಆ ವಾರ. ನಾಲ್ಕು ದಿನ ಗಡಿಯಲ್ಲಿ ಗುಂಡು, ಡ್ರೋನು, ಕತ್ತಲೆ; ನಿನ್ನೆ ಸಂಜೆಯಷ್ಟೇ ನಿಂತಿತ್ತು. ಕಾರು ನಿಲ್ಲಿಸುವ ಜಾಗದಲ್ಲಿ ಅಸೋಸಿಯೇಷನ್ನಿನವರು ಕಟ್ಟಿದ, ಸೇನೆಗೆ ಜಯಕಾರದ ಬ್ಯಾನರು ಇನ್ನೂ ಇತ್ತು. ಅದರ ಕೆಳಗೆ ಹಾಯುವಾಗ ಕಲ್ಲೇಶ ಸ್ವಲ್ಪ ತಲೆ ಬಗ್ಗಿಸಿದ. ಬ್ಯಾನರು ಅವನ ತಲೆಗಿಂತ ನಾಲ್ಕು ಅಡಿ ಮೇಲಿತ್ತು.

ಅಂಗಿಯ ಜೇಬಿನಲ್ಲಿ ಕಾಗದ ಇತ್ತು. ಕ್ಯಾಲೆಂಡರಿನಿಂದ ಹರಿದ ಏಪ್ರಿಲ್ ತಿಂಗಳ ಹಾಳೆ, ಅದರ ಬೆನ್ನಿಗೆ ಮೂರು ಬಿನ್ನಹಗಳು. ಪ್ರತಿ ತಿಂಗಳ ಎರಡನೆಯ ರವಿವಾರ ಸಂಜೆ ನಾಲ್ಕಕ್ಕೆ ಬೇಗಂಪೇಟೆಯ ಚರ್ಚೊಂದರ ಪಕ್ಕದ ಚಿಕ್ಕ ಪ್ರಾರ್ಥನಾಲಯದಲ್ಲಿ ಕನ್ನಡ ಪೂಜೆ. ನಲವತ್ತು ಮನೆಯವರು, ಹೆಚ್ಚಿನವರು ರಕ್ಷಣಾ ಇಲಾಖೆಯ ಕಾರ್ಖಾನೆಗಳಲ್ಲಿ ಇರುವವರು ಅಥವಾ ಇದ್ದವರು. ಪಾದ್ರಿಯ ಪ್ರಸಂಗ ಮುಗಿದ ಮೇಲೆ ಒಬ್ಬರು ಎದ್ದು ನಿಂತು ಎಲ್ಲರ ಪರವಾಗಿ ಬಿನ್ನಹಗಳನ್ನು ಓದಬೇಕು. ಹದಿನೆಂಟು ವರ್ಷಗಳಿಂದ ಅದು ಕಲ್ಲೇಶನ ಕೆಲಸ. ಬರೆಯುವವನೂ ಅವನೇ. ಒಂದೊಂದು ಬಿನ್ನಹದ ಕೊನೆಗೂ "ಪ್ರಭುವನ್ನು ಪ್ರಾರ್ಥಿಸೋಣ" ಎನ್ನಬೇಕು. ಆಗ ಜನ ಒಟ್ಟಾಗಿ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎನ್ನುತ್ತಾರೆ. ಮುದಗಲ್ ಹತ್ತಿರದ ಊರಲ್ಲಿ ಚರ್ಚಿನ ಉಪದೇಶಿಯಾಗಿದ್ದ ಅಪ್ಪ ಅವನಿಗೆ ಇದನ್ನು ಕಲಿಸುವಾಗ, ಆ ಮಾತು ಬಾಗಲ ಚಿಲಕ ಇದ್ದಂಗ, ಚಿಲಕ ತೆಗೀಲಿಲ್ಲಂದ್ರ ಜನ ಹೊರಗ ನಿಂತಬಿಡ್ತಾರ ಎಂದಿದ್ದ. ಕಲ್ಲೇಶ ಆ ಸಾಲನ್ನು ಕಾಗದದಲ್ಲಿ ಎಂದೂ ಬರೆಯುತ್ತಿರಲಿಲ್ಲ. ತನ್ನ ಹೆಸರನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ.

ಮೆಟ್ರೋದಲ್ಲಿ ಸೀಟು ಸಿಕ್ಕಿತು. ಎಂಬತ್ತೆರಡರ ಬಂಡೆಮ್ಮ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಕೂತು ಕಿಟಕಿಯ ಆಚೆ ಓಡುವ ನೀರಿನ ಟ್ಯಾಂಕುಗಳನ್ನು ಎಣಿಸುವವಳ ಹಾಗೆ ನೋಡುತ್ತಿದ್ದಳು. ಹೋದ ವರ್ಷ ಕೊಡಿಸಿದ ಕಿವಿಯ ಯಂತ್ರ ಮನೆಯ ಕಪಾಟಿನಲ್ಲಿತ್ತು. ಹುಳ ಗುಂಯ್ ಅಂತಾವ ಎಂದು ಎರಡನೆಯ ದಿನವೇ ತೆಗೆದಿಟ್ಟಿದ್ದಳು. ಕಲ್ಲೇಶ ಕಾಗದ ಬಿಡಿಸಿ ಮೊದಲನೆಯದನ್ನು ಓದಿಕೊಂಡ. ನಮ್ಮ ಜಗದ್ಗುರುಗಳಿಗಾಗಿ. ಹೊಸ ಹೆಸರನ್ನು ಎರಡು ಸಲ ಹೊಡೆದು ಹಾಕಿ ಮೂರನೆಯ ಸಲ ಬರೆದಿದ್ದ. ಕೊನೆಯ ಅಕ್ಷರ ಹ್ರಸ್ವವೋ ದೀರ್ಘವೋ ಎಂದು ಹೇಳುವವರು ಯಾರೂ ಇರಲಿಲ್ಲ. ಹೋದ ತಿಂಗಳು ಇದೇ ಜಾಗದಲ್ಲಿ ಹಳೆಯವರ ಆರೋಗ್ಯಕ್ಕಾಗಿ ಬೇಡಿದ್ದ. ಎಂಟು ದಿನಕ್ಕೆ ಅವರು ತೀರಿಕೊಂಡರು. ದೇವರು ತನ್ನ ಓದನ್ನು ಕೇಳಿ ಕಾಗದವನ್ನು ಮಡಚಿ ಬದಿಗಿಟ್ಟ ಹಾಗೆ ಅವನಿಗೆ ಅನಿಸಿತ್ತು. ಆಮೇಲಿನ ವಾರಗಳಲ್ಲಿ ಮಿಯಾಪುರದ ತೆಲುಗು ಪೂಜೆಗೆ ಹೋದಾಗ ಅವನು ಒಂದೇ ಒಂದು ಜಾಗಕ್ಕೆ ಕಿವಿಗೊಟ್ಟು ಕಾದಿದ್ದ. ಪಾದ್ರಿ ಪೀಠದ ಎದುರು ದೊಡ್ಡ ಪ್ರಾರ್ಥನೆ ಓದುವಾಗ ಜಗದ್ಗುರುವಿನ ಹೆಸರು ಬರುವ ಜಾಗ. ಕುರ್ಚಿ ಖಾಲಿ ಇರುವಾಗ ಅಲ್ಲಿ ಯಾವ ಹೆಸರನ್ನೂ ಹೇಳುವ ಹಾಗಿಲ್ಲ. ಪಾದ್ರಿ ಹಾರಿ ಮುಂದೆ ಹೋಗುತ್ತಿದ್ದರು. ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗುವಂತೆ ಕಲ್ಲೇಶನ ಮನಸ್ಸು ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಆ ಚಿಕ್ಕ ಮೌನ ಅವನಿಗೆ ಇಷ್ಟವಾಗಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಕುರ್ಚಿ ಖಾಲಿ ಇರುವುದು ಇಷ್ಟ ಎಂದರೆ ಏನೆಂದುಕೊಂಡಾರು.

ಎರಡನೆಯದು ದೇಶ ಆಳುವವರಿಗಾಗಿ. ಅದು ಪ್ರತಿ ತಿಂಗಳೂ ಒಂದೇ. ಮೂರನೆಯದನ್ನು ಅವನು ಓದಲಿಲ್ಲ. ಅದು ಬಾಯಿಗೆ ಬರುತ್ತಿತ್ತು. ಗಡಿಯ ಎರಡೂ ಕಡೆ ಸತ್ತವರಿಗಾಗಿ, ಎರಡೂ ಕಡೆ ಅಂಜಿ ಕುಳಿತ ಮನೆಗಳಿಗಾಗಿ, ನಮ್ಮ ಸೂರಜನಿಗಾಗಿ, ಅವನಂತೆ ಕಾವಲು ನಿಂತ ಎಲ್ಲ ತಾಯಂದಿರ ಮಕ್ಕಳಿಗಾಗಿ. ಸೂರಜ್ ಶಾಂತಕುಮಾರನ ಮಗ, ಜಮ್ಮು ಕಡೆಯ ಗಡಿಯಲ್ಲಿದ್ದ. ಶಾಂತಕುಮಾರ ಕಲ್ಲೇಶನ ಕಾರ್ಖಾನೆಯವನೇ, ಪೂಜೆಯಲ್ಲಿ ಹಾರ್ಮೋನಿಯಂ ನುಡಿಸುವವನು. ಮೂರು ದಿನ ಮಗನ ಫೋನು ಹತ್ತಿರಲಿಲ್ಲ. ಶುಕ್ರವಾರ ಶಾಂತಕುಮಾರ ಕಲ್ಲೇಶನಿಗೆ ಮೆಸೇಜು ಹಾಕಿದ್ದ: ರವಿವಾರ ಸೂರಜನ ಹೆಸರು ತಗೋ, ವಿಜಯಕ್ಕಾಗಿ ಅಂತ ಸೇರಿಸು. ಕಲ್ಲೇಶ ಹೆಸರು ಬರೆದ. ವಿಜಯ ಎಂದು ಬರೆಯಲು ಪೆನ್ನು ಇಟ್ಟವನು ಬರೆದದ್ದು ಎರಡೂ ಕಡೆ ಎಂದು. ಮಗನ ದನಿ ಕೇಳದೆ ಕೂತ ಅಪ್ಪನ ಎದುರು ಎದ್ದು ನಿಂತು, ಅವನ ಮಗನ ಮೇಲೆ ಗುಂಡು ಹಾರಿಸುವವನ ಹೆಸರಿನಲ್ಲೂ ಬೇಡುವುದು. ಅದೂ ಬಂಧುವಿನಂಥ ಗೆಳೆಯನ ಎದುರು. ಅದೂ, ನಿಮ್ಮ ಪೋಪು ಯಾರ ಕಡೆ ಎಂದು ಕ್ಯಾಂಟೀನಿನಲ್ಲಿ ಕೇಳಿಸಿಕೊಂಡ ವಾರದಲ್ಲಿ.

ಕೇಳಿದವಳು ಭವಾನಿ, ಅವನ ವಿಭಾಗದ ಮೇಲ್ವಿಚಾರಕಿ. ಕೆಟ್ಟ ಹೆಂಗಸಲ್ಲ, ಅವ್ವನಿಗೆ ಕಣ್ಣಿನ ಆಪರೇಷನ್ ಆದಾಗ ಎರಡು ಸಲ ಮನೆಗೆ ಬಂದಿದ್ದಳು. ಬುಧವಾರ, ಗಡಿಯಾಚೆ ದಾಳಿಯಾದ ಸುದ್ದಿಗೆ, ಕ್ಯಾಂಟೀನಿನಲ್ಲಿ ಜಿಲೇಬಿ ಹಂಚುತ್ತಿದ್ದರು. "ಮನ ಸೀಲ್ ಪನಿ ಚೇಸಿಂದಂಟ ಅಂಡಿ, ಇಂಕೋಟಿ ತೀಸ್ಕೋಂಡಿ," ಎಂದು ನಮ್ಮ ಸೀಲು ಕೆಲಸ ಮಾಡಿತಂತೆ, ಇನ್ನೊಂದು ತಗೊಳ್ಳಿ ಎಂದಳು. ಬಳೆಯಷ್ಟು ಅಗಲದ ಕಪ್ಪು ರಬ್ಬರ್ ಉಂಗುರಗಳು. ಅವನ್ನು ದೀಪದ ಎದುರು ಹಿಡಿದು, ಕೂದಲೆಳೆಯ ಬಿರುಕೂ ಇಲ್ಲವೆಂದು ನೋಡಿ ಸಹಿ ಹಾಕುವುದು ಇಪ್ಪತ್ತೊಂಬತ್ತು ವರ್ಷಗಳಿಂದ ಕಲ್ಲೇಶನ ಕೆಲಸ. ಅವು ಎಲ್ಲಿ ಹೋಗಿ ಕೂಡುತ್ತವೆ, ಯಾವುದರ ಹೊಟ್ಟೆಯಲ್ಲಿ, ಎಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ನಿಮ್ಮ ಪೋಪು ಯಾರ ಕಡೆ ಎಂದು ಅವಳು ನಗುತ್ತ ಕೇಳಿದಾಗ, ಈಗ ಪೋಪೇ ಇಲ್ಲ ಮೇಡಂ, ನಾಳೆಯೋ ನಾಡಿದ್ದೋ ಆರಿಸುತ್ತಾರೆ ಎಂದು ಅವನೂ ನಕ್ಕ. ಎರಡನೆಯ ಜಿಲೇಬಿ ತಿಂದ. ಅವನನ್ನು ಆಮೇಲೆ ಕಾಡಿದ್ದು ತಿಂದದ್ದಲ್ಲ. ತಿನ್ನುವಾಗ ನಿಜವಾಗಿ ಹೆಮ್ಮೆಯಾಗಿತ್ತು. ತನ್ನ ಸೀಲು. ಬೆರಳಿನ ತುಪ್ಪವನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುವಾಗಲೂ ಇತ್ತು ಆ ಹೆಮ್ಮೆ. ಮರುದಿನ ಪತ್ರಿಕೆಯಲ್ಲಿ ಒಂದು ಮನೆಯ ಒಡೆದ ಗೋಡೆ ನೋಡಿದಾಗ ಇಳಿಯಿತು. ಯಾವ ಕಡೆಯ ಗೋಡೆ ಎಂದು ಕೆಳಗೆ ಬರೆದಿತ್ತು. ಅವನು ಓದದೆ ಪುಟ ತಿರುಗಿಸಿದ್ದ. ಹೊಸ ಜಗದ್ಗುರುಗಳು ಬಾಲ್ಕನಿಗೆ ಬಂದು ಮೊಟ್ಟಮೊದಲು ಆಡಿದ್ದು ಶಾಂತಿಯ ಮಾತಂತೆ. ಅಷ್ಟು ಎತ್ತರದ ಬಾಲ್ಕನಿಯಿಂದ, ಲಕ್ಷ ಜನರ ಎದುರು, ಅದನ್ನು ಅನ್ನಬಹುದು. ನಲವತ್ತು ಮನೆಯವರ ಎದುರು ಅನ್ನುವವನಿಗೆ ಮರುದಿನ ಎಂಟಕ್ಕೆ ಪಂಚ್ ಮಾಡಲಿಕ್ಕಿರುತ್ತದೆ.

ಅಮೀರಪೇಟೆಯಲ್ಲಿ ಗಾಡಿ ಬದಲಿಸಬೇಕು. ಎಸ್ಕಲೇಟರಿನ ಎದುರು ಬಂಡೆಮ್ಮ ಎಂದಿನಂತೆ ನಿಂತುಬಿಟ್ಟಳು. ಹಿಂದೆ ಜನ ಸೇರಿದರು. "ಅಮ್ಮಾ, ಜರುಗಂಡಿ," ಎಂದು ಒಬ್ಬ ಬದಿಗೆ ಸರಿಯಲು ಹೇಳಿದ. ಅವಳಿಗೆ ಕೇಳಿಸಲಿಲ್ಲ. ಮೆಟ್ಟಿಲು ಹುಟ್ಟಿ ಹುಟ್ಟಿ ಮೇಲೆ ಹೋಗುವುದನ್ನು ನೋಡುತ್ತ, ಯಾವುದು ತನ್ನದು ಎಂದು ಕಾಯುತ್ತಿದ್ದಳು. ಕಲ್ಲೇಶನ ಕಿವಿ ಬಿಸಿಯಾಯಿತು. ಇದು ಹಳೆಯ ಬಿಸಿ. ಊರ ಚರ್ಚಿನಲ್ಲಿ ಅಪ್ಪ ಬಿನ್ನಹ ಓದಿದಾಗ ಇಡೀ ಜನ ಒಂದೇ ಉಸಿರಿನಲ್ಲಿ ಆಲಿಸಿರಿ ಎಂದು ಮುಗಿಸಿ, ಸದ್ದಡಗಿ, ಆಮೇಲೆ ಹೆಂಗಸರ ಕಡೆಯಿಂದ ಒಂದು ದನಿ ಒಂಟಿಯಾಗಿ ಬರುತ್ತಿತ್ತು: ನಮ್ಮ ಪ್ರಾರ್ಥನೆಯನ್ನು ಆಲಿಸಿರಿ. ಪ್ರತಿ ಸಲ. ಪೀಠದ ಬಳಿ ಗಂಟೆ ಹಿಡಿದು ನಿಂತ ಹುಡುಗರು ಕಿಸಿಕಿಸಿ ನಗುತ್ತಿದ್ದರು. ಹೊಸದಾಗಿ ಬಂದ ಒಬ್ಬ, ಯಾರವ್ವಲೇ ಅಕಿ ಎಂದು ಕೇಳಿದ. ಕಲ್ಲೇಶ ಗೊತ್ತಿಲ್ಲ ಎಂದ. ಹತ್ತು ವರ್ಷ ಆಗ. ಶಾಲೆಯಲ್ಲಿ ಕಲ್ಲೇಶ, ಚರ್ಚಿನ ದೀಕ್ಷೆಯ ಪುಸ್ತಕದಲ್ಲಿ ಪೇತ್ರ. ಎರಡಕ್ಕೂ ಕಲ್ಲು ಎಂದೇ ಅರ್ಥ ಎಂದು ಅಪ್ಪ ಹುರುಪಿನಿಂದ ಇಟ್ಟ ಹೆಸರು. ಅವ್ವ ಬಂಡೆ, ಮಗ ಕಲ್ಲು, ನಡುವ ನಾ ಸಿಕ್ಕೊಂಡೀನಿ ಎಂದು ನಗಿಸುತ್ತಿದ್ದ. ಬೈಬಲಿನ ಪೇತ್ರ ತನ್ನ ಗುರುವನ್ನು ಗೊತ್ತಿಲ್ಲ ಎಂದಾಗ ಕೂಗಿದಂಥ ಕೋಳಿ ಆವತ್ತು ಕೂಗಲಿಲ್ಲ. ಏನೂ ಆಗಲಿಲ್ಲ. ಪೂಜೆ ಮುಗಿದ ಮೇಲೆ ಅವ್ವ ಸೆರಗಿನ ತುದಿಯಿಂದ ಅವನ ಮೂಗು ಒರೆಸಿದ್ದಳು, ಎಲ್ಲರ ಎದುರು.

"ಬಲಗಾಲು ಇಡು," ಎಂದು ಅವನು ಅವ್ವನ ಮುಖದ ಎದುರು ಬಂದು ಹೇಳಿದ. ಅವಳು ಇಟ್ಟಳು.

ಪ್ರಾರ್ಥನಾಲಯದ ಕಿಟಕಿಗಳನ್ನು ಅಷ್ಟೂ ತೆರೆದಿದ್ದರು. ಮೇ ತಿಂಗಳ ಗಾಳಿ ಒಳಗೆ ಬಂದು ಮೇಣದ ಬತ್ತಿಗಳನ್ನು ಬಗ್ಗಿಸುತ್ತಿತ್ತು. ಶಾಂತಕುಮಾರ ಹಾರ್ಮೋನಿಯಂ ಹಿಂದೆ ಆಗಲೇ ಕೂತಿದ್ದ. ಗಡ್ಡ ಬೋಳಿಸಿರಲಿಲ್ಲ. ಕಲ್ಲೇಶ ಕಣ್ಣು ಕೂಡಿಸಲು ನೋಡಿದ. ಅವನು ಹಾಡಿನ ಪುಸ್ತಕದ ಪುಟ ಹುಡುಕುತ್ತಿದ್ದ. ಫೋನು ಬಂತೇನು ಎಂದು ಹೋಗಿ ಕೇಳಬಹುದಿತ್ತು. ಬಂದಿಲ್ಲ ಎಂದರೆ ಮೂರನೆಯದನ್ನು ಓದಲು ಬಾಯಿ ಏಳುವುದಿಲ್ಲ ಎಂದು ಕೇಳಲಿಲ್ಲ. ಅವ್ವನನ್ನು ಮುಂದಿನ ಬೆಂಚಿನಲ್ಲಿ, ಓದುವ ಜಾಗಕ್ಕೆ ನೇರ ಎದುರು, ಅವಳು ಸದಾ ಹಟ ಹಿಡಿದು ಕೂರುವಲ್ಲಿ ಕೂರಿಸಿದ. ಫಾದರ್ ಇನ್ನಾಸಪ್ಪ ಕುರುಬನ ಪಾಠ ಓದಿದರು. ಕುರಿಗಳು ತಮ್ಮ ಕುರುಬನ ದನಿಯನ್ನು ಗುರುತಿಸುತ್ತವೆ ಎಂಬುದು. ಹೊಸ ಜಗದ್ಗುರುವಿನ ಬಗ್ಗೆ ಎರಡು ಮಾತು ಹೇಳಿದರು. ನನಗೂ ಅವರು ಹೊಸಬರು, ಅವರಿಗೂ ಆ ಅಂಗಿ ಹೊಸದು, ಸ್ವಲ್ಪ ಟೈಮ್ ಕೊಡೂಣು ಎಂದರು. ಜನ ನಕ್ಕರು. ಯುದ್ಧದ ಬಗ್ಗೆ ಏನೂ ಹೇಳಲಿಲ್ಲ. ಅದನ್ನು ತನಗೆ ಬಿಟ್ಟರೇನೋ ಎನಿಸಿ ಕಲ್ಲೇಶನಿಗೆ ಫಾದರ್ ಮೇಲೆ ಒಂದು ಕ್ಷಣ ಸಿಟ್ಟು ಬಂತು.

ಎದ್ದು ಹೋದ. ಕಾಗದ ಬಿಡಿಸಿದ. ಮೊದಲನೆಯದು, ಹೊಸ ಹೆಸರನ್ನು ದೀರ್ಘ ಮಾಡಿಯೇ ಅಂದ, ಪ್ರಭುವನ್ನು ಪ್ರಾರ್ಥಿಸೋಣ. ಆಲಿಸಿರಿ ಎಂದರು ಜನ, ಹಿಂದೆಯೇ ಅವ್ವನ ಒಂಟಿ ದನಿ. ಎರಡನೆಯದು, ಪ್ರಾರ್ಥಿಸೋಣ, ಆಲಿಸಿರಿ, ಅವ್ವ. ಮೂರನೆಯದಕ್ಕೆ ಬಂದಾಗ ಅಕ್ಷರಗಳ ಹಿಂದೆ ಕ್ಯಾಲೆಂಡರಿನ ಅಂಕಿಗಳು ಹಾಯ್ದು ಕಾಣುತ್ತಿದ್ದವು. ಇಲ್ಲಿಯೂ ಹಾರಿ ಮುಂದೆ ಹೋಗಬಹುದು. ಎರಡು ಪದ ಬಿಟ್ಟರೆ ಗಡಿಯಲ್ಲಿ ಸತ್ತವರಿಗಾಗಿ ಎಂದಾಗುತ್ತದೆ, ಯಾರಿಗೂ ಏನೂ ಅನಿಸುವುದಿಲ್ಲ. ಖಾಲಿ ಕುರ್ಚಿಯ ಮೌನದ ಹಾಗೆ ಚಂದವಾಗಿಯೇ ಇರುತ್ತದೆ. ಹಾಗೆಂದುಕೊಳ್ಳುತ್ತಿರುವಾಗಲೇ ತನ್ನ ದನಿ ಗಡಿಯ ಎರಡೂ ಕಡೆ ಎಂದು ಓದುತ್ತಿರುವುದು ಅವನಿಗೆ ಕೇಳಿಸಿತು. ಎರಡನೆಯ ಸಲವೂ ಎರಡೂ ಕಡೆ. ಸೂರಜನ ಹೆಸರು. ಎಲ್ಲ ತಾಯಂದಿರ ಮಕ್ಕಳಿಗಾಗಿ. ನಿಲ್ಲಿಸಿದ.

ಯಾರೂ ಉತ್ತರಿಸಲಿಲ್ಲ.

ಮೇಲಿನ ಫ್ಯಾನು ತಿರುಗುತ್ತಿತ್ತು. ಒಂದು ಬತ್ತಿ ಬಗ್ಗಿ ಮತ್ತೆ ನೆಟ್ಟಗಾಯಿತು. ನಲವತ್ತು ಮನೆಯವರು ಅವನನ್ನೇ ನೋಡುತ್ತಿದ್ದರು. ಹದಿನೆಂಟು ವರ್ಷ ಅವನು ಬರೆದುಕೊಂಡು ಬಂದ ಎಲ್ಲಕ್ಕೂ ಹೌದೆಂದವರು ಇದಕ್ಕೆ ಅನ್ನುತ್ತಿಲ್ಲ. ಶಾಂತಕುಮಾರನ ಕೈ ಹಾರ್ಮೋನಿಯಂ ತಿದಿಯ ಮೇಲೆ ಹಾಗೆಯೇ ನಿಂತಿತ್ತು. ನಾಳೆ ಕ್ಯಾಂಟೀನು. ಭವಾನಿಗೆ ಯಾರು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂಬುದೂ ಅವನಿಗೆ ಕಂಡಿತು. ಆದರೆ ಆ ಭಯದ ತಳದಲ್ಲಿ, ಬಾವಿಯ ತಳದ ನೀರಿನ ಹಾಗೆ, ತಣ್ಣಗಿನ ಏನೋ ಇತ್ತು. ಬುಧವಾರದಿಂದ ಬಾಯಲ್ಲಿ ಕುಳಿತಿದ್ದ ಸಿಹಿ ಈಗ ಇರಲಿಲ್ಲ. ಅಂದದ್ದನ್ನು ಅಂದಾಗಿತ್ತು.

ಆಗ ಮುಂದಿನ ಬೆಂಚಿನಿಂದ, ಯಾವಾಗಿನಷ್ಟೇ ತಡವಾಗಿ, ಯಾವಾಗಿನಷ್ಟೇ ಒಂಟಿಯಾಗಿ, ಬಂಡೆಮ್ಮನ ದನಿ ಬಂತು.

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ."

ಅದರ ಹಿಂದೆ ಉಳಿದವರದು ಬಂತು. ಚೆದುರಿ, ಒಬ್ಬರ ಮೇಲೊಬ್ಬರು ಬಿದ್ದು, ಜೀವನದಲ್ಲಿ ಮೊದಲ ಸಲ ಅವ್ವನಿಗಿಂತ ತಡವಾಗಿ ಬಂತು.

ಪೂಜೆಯಾದ ಮೇಲೆ ಅಂಗಳದಲ್ಲಿ ಚಹಾ ಇತ್ತು. ಶಾಂತಕುಮಾರನ ಹೆಂಡತಿ ಸುವರ್ಣಾ ಪಾತ್ರೆಯಲ್ಲಿ ಸೂಸಲಾ ತಂದು ಎಲ್ಲರಿಗೂ ಕಾಗದದ ತಟ್ಟೆಯಲ್ಲಿ ಹಾಕಿ ಕೊಡುತ್ತಿದ್ದಳು. ಕಲ್ಲೇಶ ನಲ್ಲಿಯ ಹತ್ತಿರ ಬೇಕೆಂದೇ ತಡಮಾಡಿದ. ಶಾಂತಕುಮಾರನೇ ಅಲ್ಲಿಗೆ ಬಂದ.

"ಅಲ್ಲಲೇ ಕಲ್ಲೇಶಿ, ಪ್ರಭುವನ್ನು ಪ್ರಾರ್ಥಿಸೋಣ ಅನ್ನೂದ ಮರ್ತಿ ನೀ."

ಕಲ್ಲೇಶ ನಲ್ಲಿ ತಿರುಗಿಸಿ ನಿಲ್ಲಿಸಿದ.

"ನಾ ಇನ್ನೂ ಐತೇನೋ ಅಂತ ಕುಂತೆ. ಎಲ್ಲಾರೂ ಹಂಗ ಕುಂತಾರ, ಬಾಯಿ ತಕ್ಕೊಂಡು. ನಿಮ್ಮವ್ವ ಇರಲಿಲ್ಲಂದ್ರ ಇಷ್ಟೊತ್ತಿಗೂ ಅಲ್ಲೇ ಇರ್ತಿದ್ದಿವಿ."

ಚಿಲಕ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಬರೆದುಕೊಳ್ಳದ ಸಾಲು. ಕಲ್ಲೇಶನಿಗೆ ನಗು ಬಂತು, ಆಮೇಲೆ ನಾಚಿಕೆ, ಆಮೇಲೆ ಒಂದು ಸಂಶಯ. ಆ ಮೌನ ಬರೀ ಚಿಲಕದ್ದೇ? ಅದು ಇನ್ನು ತಿಳಿಯುವುದಿಲ್ಲ.

"ನೀ ಹೇಳಿದ ಮಾತು ಹಾಕಲಿಲ್ಲ ನಾ," ಎಂದ.

"ಕೇಳಿತು." ಶಾಂತಕುಮಾರ ಚಹಾ ಊದಿದ. "ಮೊದಲನೇ ಸಲಕ್ಕ ಸಿಟ್ಟು ಬಂತು. ಸುಳ್ಳ್ಯಾಕ ಹೇಳ್ಲಿ. ಆಮ್ಯಾಲ ಹೆಸರು ತಗೊಂಡಿ."

ಸುವರ್ಣಾ ತಟ್ಟೆ ಹಿಡಿದುಕೊಂಡು ಬಂದಳು. "ಮಧ್ಯಾಹ್ನ ಫೋನ್ ಬಂದಿತ್ರಿ ಅಣ್ಣ, ಇವರು ಹೇಳಿದ್ರಿಲ್ಲೋ? ಅನ್ನ ಉಂಡನಂತ, ಕಾಲಾಗ ಗುಳ್ಳಿ ಆಗ್ಯಾವಂತ. ಮತ್ತೇನಿಲ್ಲ." ತಟ್ಟೆ ಕೊಟ್ಟು, ಹೋಗುವವಳು ನಿಂತಳು. "ಆ ಕಡೀ ಚೌಕಿಯವರು ಕಣ್ಣಿಗೆ ಕಾಣ್ತಾರಂತ್ರಿ. ಇವತ್ತು ಮುಂಜಾನೆ ಅವರು ಅರಬಿ ಒಗದು ಒಣ ಹಾಕಿದ್ರಂತ. ಅದನ್ನ ನೋಡಿ ಇವರೂ ಹಾಕಿದ್ರಂತ."

"ಒಗಿಯಾಕ ಗುಂಡು ನಿಲ್ಲಬೇಕು ನೋಡು ಆ ಹುಡುಗಗ," ಎಂದ ಶಾಂತಕುಮಾರ. "ಮನ್ಯಾಗಿದ್ದಾಗ ಒಂದು ಕರ್ಚೀಪ್ ಒಗದಂವಲ್ಲ."

ಸೂಸಲಾ ಖಾರವಾಗಿತ್ತು, ಮಂಡಕ್ಕಿ ಹದವಾಗಿ ನೆಂದಿತ್ತು. ಕಲ್ಲೇಶ ಎರಡು ತಟ್ಟೆ ತಿಂದ.

ಮರಳಿ ಮಿಯಾಪುರಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಗೇಟಿನ ಬಳಿ ಸಿಮೆಂಟಿನ ಬೆಂಚಿನ ಮೇಲೆ ಶಿವಶರಣಪ್ಪನವರು ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ಬಂದ್ರೇನ್ರಿ? ಅಲ್ಲೆಲ್ಲ ನಿಮ್ಮವರು ಆರಾಮ ಅದಾರ?"

ಅಲ್ಲಿ ಎಂದರೆ ಬೇಗಂಪೇಟೆಯೋ, ಮತ್ತೆಲ್ಲಿಯೋ. ಮುಖದಲ್ಲಿ ಏನೂ ತಿಳಿಯುವಂತಿರಲಿಲ್ಲ. ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು.

"ಆರಾಮ ಅದಾರ ರಿ," ಎಂದ ಕಲ್ಲೇಶ. "ಅರಬಿ ಒಣ ಹಾಕ್ಯಾರ."

"ಹಾಂ," ಎಂದರು ಶಿವಶರಣಪ್ಪನವರು. ಇದು ಮಧ್ಯಾಹ್ನದ್ದೇ 'ಹಾಂ' ಎಂದು ಕಲ್ಲೇಶನಿಗೆ ಖಾತ್ರಿಯಾಯಿತು. ಬ್ಯಾನರಿನ ಕೆಳಗೆ ಹಾಯುವಾಗ ತಲೆ ಬಗ್ಗಿಸುವುದು ನೆನಪಾಗಲಿಲ್ಲ.

ಲಿಫ್ಟಿನಲ್ಲಿ ಇಬ್ಬರೇ. ಅವ್ವ ಕನ್ನಡಿಗೆ ಬೆನ್ನು ಮಾಡಿ, ಅವನ ಮುಖ ನೋಡುತ್ತ ನಿಂತಳು. ಯಾವಾಗಲೂ ಹಾಗೆಯೇ ನಿಲ್ಲುತ್ತಾಳೆ ಎಂದು ಅವನು ಈಗ ಗಮನಿಸಿದ. ದನಿ ಎತ್ತರಿಸಿ ಕೇಳಿದ. "ಅವ್ವಾ, ಮೂರನೇದ್ರಾಗ ನಾ ಏನಂದೆ, ಕೇಳಿಸ್ತೇನು?"

"ಇಲ್ಲಪ್ಪ."

"ಮತ್ತ ಆಲಿಸಿರಿ ಅಂದ್ಯಲ್ಲ? ಯಾರೂ ಅನ್ನದಾಗ ನೀ ಒಬ್ಬಾಕಿ?"

"ನಾ ಬಾಯಿ ನೋಡ್ತೀನಿ. ಮುಚ್ಚಿತಂದ್ರ ಅಂತೀನಿ." ಮಗನಿಗೆ ಇಷ್ಟೂ ತಿಳಿಯದೇ ಎಂಬಂತೆ ಅವಳು ಅವನ ಅಂಗಿಯ ಮೇಲಿನ ಮಂಡಕ್ಕಿಯ ಕಾಳೊಂದನ್ನು ಉದುರಿಸಿದಳು. "ನಿಮ್ಮಪ್ಪ ಓದುವಾಗಿಂದ ಹಂಗ. ಅಂವನ ಮೀಸಿ ಅಡ್ಡ ಬರ್ತಿತ್ತು. ನಿಂದು ಚಲೋ ಕಾಣ್ತೈತಿ."

ನಾಲ್ಕನೆಯ ಮಹಡಿ ದಾಟಿತು. ಗಂಟೆ ಹಿಡಿದು ನಿಂತ ಹತ್ತು ವರ್ಷದವನು, ಗೊತ್ತಿಲ್ಲ ಎಂದವನು, ಕಲ್ಲೇಶನ ಒಳಗೆ ಎಲ್ಲೋ ಮೆಲ್ಲನೆ ತಲೆ ಎತ್ತಿದ.

"ಅವಾಗಿಂದನೂ ನಿನಗ ಕೇಳ್ತಿರಲಿಲ್ಲೇನು? ಒಮ್ಮೆನೂ ಹೇಳಲಿಲ್ಲಲ್ಲ ಅವ್ವಾ."

"ಯಾರು ಕೇಳಿದ್ರು?" ಎಂದಳು ಬಂಡೆಮ್ಮ. ಬಾಗಿಲು ತೆರೆಯಿತು. ಅವಳು ಹೊಸ್ತಿಲು ದಾಟುವಂತೆ ಬಲಗಾಲು ಎತ್ತಿ ಇಟ್ಟು, ಮಗ ಬರುತ್ತಾನೋ ಇಲ್ಲವೋ ಎಂದು ತಿರುಗಿ ಅವನ ಬಾಯಿಯ ಕಡೆಗೆ ನೋಡಿದಳು.